ಕೈಯಲ್ಲಿ ತಿರುಗದ್ದು ಗಾಡಿಯಲ್ಲಿ ತಿರುಗೀತೇ?

(ನಮ್ಮ ಕನ್ನಡ ವೇಳೆಯಲ್ಲಿ ಪ್ರಸಾರವಾದ ಮಾತಿನ ಬರಹರೂಪ. ಕೇಳುಗರ ಒತ್ತಾಯದ ಮೇರೆಗೆ ಇಲ್ಲಿ ಕೊಡುತ್ತಿದ್ದೇವೆ.)



ಹುಟ್ಟುಹಬ್ಬದ ಶುಭಾಶಯ, ಹಳೆಯ ಹಾಡಿನ ಕೋರಿಕೆ, ಕಳೆದುಹೋದ ಪಾಸಿನ ಗೋಳು... ನಮ್ಮ ಕಾರ್ಯಕ್ರಮಕ್ಕೆ ಬರುವ ಸಂದೇಶಗಳು ಹೆಚ್ಚಾಗಿ ಇಂಥವೇ. ಆದರೆ ಹೋದ ತಿಂಗಳು ಡೊಂಬಿವಿಲಿಯ ಕೇಳುಗರೊಬ್ಬರು ಕಳಿಸಿದ ಸಂದೇಶ ಬೇರೆಯೇ ತರಹದ್ದು. ತೀರಿಹೋದ ತಂದೆಯವರ ಪ್ರೀಮಿಯರ್ ಪದ್ಮಿನಿ ಕಾರು ಅವರ ಹತ್ತಿರ ಇದೆಯಂತೆ. ವರ್ಷಗಟ್ಟಲೆ ನಿಂತಿದ್ದ ಕಾರನ್ನು ಈಗ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸುತ್ತಿದ್ದಾರೆ. ಕ್ಯಾಮ್‌ಶಾಫ್ಟಿನ ಬುಶ್‌ಗಳನ್ನು ಬದಲಿಸಿದ ಮೇಲೆ ಶಾಫ್ಟ್ ಬಿಗಿಯಾಗಿ ಕೂತುಬಿಟ್ಟಿದೆ, ಪಾನಾ ಹಾಕಿ ತಿರುಗಿಸಿದರೆ ಮಾತ್ರ ಜಗ್ಗುತ್ತದೆ. ಮಿಸ್ತ್ರಿ ಹೇಳುತ್ತಾನಂತೆ, "ಚಿಂತೆ ಬಿಡಿ ಸಾಬ್, ಗಾಡಿ ಚಾಲೂ ಆದ ಮೇಲೆ ತಾನೇ ಲೂಸ್ ಆಗ್ತದೆ." ಕೊನೆಗೆ ಅವರ ಪ್ರಶ್ನೆ: "ನಿಮ್ಮ ತಂದೆಯವರು ಟ್ಯಾಕ್ಸಿ ಓಡಿಸುತ್ತಿದ್ದರು ಎಂದು ಒಮ್ಮೆ ಹೇಳಿದ್ದಿರಿ. ಮಿಸ್ತ್ರಿಯ ಮಾತು ನಂಬಲೇ?"

ನಾನು ಓದಿದ್ದು ಕನ್ನಡ ಬಿ.ಎ. ಶಬ್ದಮಣಿದರ್ಪಣದ ಸಂಧಿ ಪ್ರಕರಣದ ಬಗ್ಗೆ ಕೇಳಿದರೆ ತಡವರಿಸಿಕೊಂಡಾದರೂ ಉತ್ತರ ಕೊಟ್ಟೇನು. ಎಂಜಿನ್ನಿನ ಸಂಧಿಗಳ ಬಗ್ಗೆ ನನ್ನನ್ನು ಕೇಳುವವರು ಸಿಗುತ್ತಾರೆಂದು ಕನಸಲ್ಲೂ ಎಣಿಸಿರಲಿಲ್ಲ. ಆದರೂ ಈ ಒಂದು ಪ್ರಶ್ನೆಗೆ ನನ್ನ ಬಳಿ ಉತ್ತರವಿದೆ. ಯಾಕೆಂದರೆ ಈ ಉತ್ತರಕ್ಕೆ ನಮ್ಮ ಮನೆಯವರು ಬೆಲೆ ತೆತ್ತಿದ್ದಾರೆ.

ಮೊದಲು ಗಾಡಿಯ ವಿಷಯ. ನಲವತ್ತು ದಾಟಿದ ಯಾವ ಮುಂಬಯಿ ಕನ್ನಡಿಗರಿಗೂ ಪದ್ಮಿನಿಯ ಪರಿಚಯ ಹೇಳಬೇಕಾಗಿಲ್ಲ. ಕಿರಿಯರಿಗಾಗಿ ಎರಡು ಮಾತು. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಕಾರ್ಖಾನೆ ಇದ್ದದ್ದು ನಮ್ಮ ಕುರ್ಲಾದಲ್ಲೇ. ಇಟಲಿಯ ಫಿಯೆಟ್ 1100 ಕಾರು 1954ರಿಂದ ಅಲ್ಲಿ ತಯಾರಾಗತೊಡಗಿತು. ಮುಂದೆ ಅದೇ ಗಾಡಿ ಬದಲಾಗುತ್ತಾ ಬಂದು, 1974ರಲ್ಲಿ ಚಿತ್ತೋಡದ ರಾಣಿಯ ಹೆಸರು ಹೊತ್ತು ಪದ್ಮಿನಿಯಾಯಿತು. ಆದರೆ ನಮ್ಮ ಅಪ್ಪಯ್ಯನ ಬಾಯಲ್ಲಿ ಕೊನೆಯವರೆಗೂ ಅದು "ಫೇಟ್". ಕಪ್ಪು ಮೈ, ಹಳದಿ ತಲೆ ಹೊತ್ತು ದಶಕಗಳ ಕಾಲ ಈ ಊರನ್ನು ಹೊತ್ತು ತಿರುಗಿದ ಗಾಡಿ ಅದು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡ್‌ದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತು ವರ್ಷ ಎಂಬ ನಿಯಮದಂತೆ 2023ರ ಅಕ್ಟೋಬರ್ 30ರಿಂದ ಪದ್ಮಿನಿ ಟ್ಯಾಕ್ಸಿ ಮುಂಬಯಿಯ ರಸ್ತೆಯಲ್ಲಿ ಇಲ್ಲವಾಯಿತು. ಖಾಸಗಿ ಕಾರುಗಳಾಗಿ ಅಲ್ಲಲ್ಲಿ ಕೆಲವು ಉಳಿದಿವೆ, ಡೊಂಬಿವಿಲಿಯ ಈ ಕಾರಿನ ಹಾಗೆ.

ಟ್ಯಾಕ್ಸಿಗೂ ನಮ್ಮ ಕರಾವಳಿಗೂ ಹಳೆಯ ನಂಟು. ಮುಂಬಯಿಯ ಟ್ಯಾಕ್ಸಿ ಚಾಲಕರನ್ನು ಸಂಘಟಿಸಿ ಯೂನಿಯನ್ ಕಟ್ಟಿದ ಜಾರ್ಜ್ ಫರ್ನಾಂಡಿಸ್ ಮಂಗಳೂರಿನವರು. ಕೆಲಸ ಹುಡುಕಿಕೊಂಡು ಈ ಊರಿಗೆ ಬಂದ ನಮ್ಮ ಜನ ಹೋಟೆಲಿನಲ್ಲಿ ಲೋಟ ತೊಳೆದರು, ಮಿಲ್ಲಿನಲ್ಲಿ ದುಡಿದರು, ಕೆಲವರು ಸ್ಟಿಯರಿಂಗ್ ಹಿಡಿದರು. ಕುಂದಾಪುರದ ಕಡೆಯ ನಮ್ಮ ಅಪ್ಪಯ್ಯ ಮೂರನೆಯ ಸಾಲಿಗೆ ಸೇರಿದವರು.

ಈಗ ಎಂಜಿನ್ನಿಗೆ ಬರೋಣ. ಕ್ಯಾಮ್‌ಶಾಫ್ಟ್ ಎಂದರೆ ಮೈಮೇಲೆ ಅಲ್ಲಲ್ಲಿ ಮೊಟ್ಟೆಯಾಕಾರದ ಉಬ್ಬುಗಳಿರುವ ಒಂದು ಉಕ್ಕಿನ ದಂಡ. ಅದು ತಿರುಗಿದಂತೆ ಉಬ್ಬುಗಳು ಒಂದೊಂದಾಗಿ ಎದ್ದು ವಾಲ್ವ್‌ಗಳನ್ನು ತೆರೆಯುತ್ತವೆ, ಉಬ್ಬು ಇಳಿದಾಗ ಸ್ಪ್ರಿಂಗ್ ಅವನ್ನು ಮುಚ್ಚುತ್ತದೆ. ಗಾಳಿ ಮತ್ತು ಪೆಟ್ರೋಲು ಒಳಗೆ ಬರುವುದೂ ಹೊಗೆ ಹೊರಗೆ ಹೋಗುವುದೂ ಇದರ ತಾಳದಲ್ಲಿ. ಕೆಳಗಿರುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಸುತ್ತಿದರೆ ಇದು ಒಂದು ಸುತ್ತು ಸುತ್ತುತ್ತದೆ. ಈಗಿನ ಬಹಳಷ್ಟು ಕಾರುಗಳಲ್ಲಿ ಇದು ಎಂಜಿನ್ನಿನ ತಲೆಯ ಮೇಲಿರುತ್ತದೆ. ಪದ್ಮಿನಿಯ 1089 ಸಿಸಿ ಎಂಜಿನ್ನಿನಲ್ಲಿ ಇದು ಬ್ಲಾಕಿನ ಹೊಟ್ಟೆಯೊಳಗೆ ಮಲಗಿದೆ. ಅಲ್ಲಿಂದ ಉದ್ದನೆಯ ಕಡ್ಡಿಗಳು ಮೇಲಕ್ಕೆ ಹೋಗಿ ವಾಲ್ವ್‌ಗಳನ್ನು ಒತ್ತುತ್ತವೆ.

ಈ ದಂಡ ಬ್ಲಾಕಿನ ತೂತುಗಳಲ್ಲಿ ಕೂರಿಸಿದ ಬುಶ್‌ಗಳೊಳಗೆ ತಿರುಗುತ್ತದೆ. ಬುಶ್ ಎಂದರೆ ಬಳೆಯ ಹಾಗಿನ ತೆಳು ಬೇರಿಂಗ್. ಸಾಮಾನ್ಯವಾಗಿ ಹೊರಗೆ ಉಕ್ಕಿನ ಚಿಪ್ಪು, ಒಳಗೆ ಮೆತ್ತಗಿನ ಬಿಳಿ ಲೋಹದ ಲೇಪ. ಶಾಫ್ಟಿಗೂ ಬುಶ್ಶಿಗೂ ನಡುವೆ ಒಂದಿಷ್ಟು ಜಾಗ ಬೇಕೇ ಬೇಕು. ಎಷ್ಟು? ಇಂಚನ್ನು ಸಾವಿರ ಭಾಗ ಮಾಡಿ ಅದರಲ್ಲಿ ಎರಡೋ ಮೂರೋ ಭಾಗ. ಗ್ಯಾರೇಜಿನ ಭಾಷೆಯಲ್ಲಿ "ದೋ ಥೌ, ತೀನ್ ಥೌ". ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಸರಿಯಾದ ಅಳತೆ ಆಯಾ ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ, ಅದೇ ಪ್ರಮಾಣ. ಆ ಕೂದಲೆಳೆಯ ಜಾಗದಲ್ಲಿ ಎಣ್ಣೆ ನಿಲ್ಲಬೇಕು. ಎಂಜಿನ್ ಓಡುವಾಗ ಶಾಫ್ಟ್ ತಿರುಗುವುದು ಬುಶ್ಶಿನ ಮೇಲಲ್ಲ, ಎಣ್ಣೆಯ ಮೇಲೆ. ಬಿಗಿ ಎಂದರೆ ಎಣ್ಣೆಗೆ ಜಾಗವಿಲ್ಲ ಎಂದರ್ಥ.

ಇನ್ನು ನಮ್ಮ ಮನೆಯ ಕತೆ. 2002ರ ಮೇ ತಿಂಗಳು. ನನಗೆ ಹನ್ನೆರಡು ವರ್ಷ. ನಾವಿದ್ದದ್ದು ಘಾಟ್‌ಕೋಪರಿನ ಅಸಲ್ಫಾ ಗುಡ್ಡದ ಮೇಲೆ, ಟ್ಯಾಕ್ಸಿ ನಿಲ್ಲುತ್ತಿದ್ದದ್ದು ಗುಡ್ಡದ ಕೆಳಗೆ. ರಜೆಯಲ್ಲಿ ಊರಿಗೆ ಹೋಗಲು ಕೊಂಕಣ ರೈಲಿನ ಟಿಕೆಟು ತೆಗೆದಾಗಿತ್ತು. ಅಷ್ಟರಲ್ಲಿ ಗಾಡಿ ಹೊಗೆ ಬಿಡಲು, ಎಣ್ಣೆ ಕುಡಿಯಲು ಶುರು ಮಾಡಿತು. ಟಿಕೆಟು ರದ್ದು ಮಾಡಿ ಅಪ್ಪಯ್ಯ ಎಂಜಿನ್ ಕೆಲಸಕ್ಕೆ ಕೊಟ್ಟರು. ಮನೆ ಹತ್ತಿರದ ಒಂದು ಗ್ಯಾರೇಜು, ಹೆಸರು ಬೇಡ. ಪಿಸ್ಟನ್, ರಿಂಗು, ಬೇರಿಂಗು, ಜೊತೆಗೆ ಕ್ಯಾಮ್ ಬುಶ್‌ಗಳೂ ಹೊಸವು ಬಿದ್ದವು. ಶಾಫ್ಟ್ ಬಿಗಿಯಾಯಿತು. ಅಪ್ಪಯ್ಯ ಕೇಳಿದರು. ಸಿಕ್ಕಿದ ಉತ್ತರ, ಡೊಂಬಿವಿಲಿಯವರಿಗೆ ಸಿಕ್ಕಿದ್ದೇ: ಓಡಿದ ಮೇಲೆ ಬಿಡುತ್ತದೆ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆ ಉತ್ತರ ಅಪ್ಪಯ್ಯನಿಗೆ ಒಪ್ಪಿಗೆಯಾಗಿರಲಿಲ್ಲ. ಅಷ್ಟು ವರ್ಷ ಗಾಡಿ ಓಡಿಸಿದವರಿಗೆ ಗೊತ್ತಾಗದೇ ಇರುತ್ತದೆಯೇ? ಆದರೆ ಐದು ದಿನದಿಂದ ದುಡಿಮೆ ಇಲ್ಲ, ಬ್ಯಾಂಕಿನ ಕಂತು ಬಾಕಿ, ಜೂನ್ ಬಂದರೆ ನನ್ನ ಮತ್ತು ತಮ್ಮನ ಶಾಲೆಯ ಫೀಸು. "ಆಯ್ತು, ಕಟ್ಟಿ ಕೊಡಿ" ಎಂದುಬಿಟ್ಟರು. ಗ್ಯಾರೇಜಿನವನಿಗೆ ಒಂದು ಅವಸರ, ನಮ್ಮ ಮನೆಗೆ ಇನ್ನೊಂದು ಅವಸರ. ಎರಡೂ ಸೇರಿ ಆ ಎಂಜಿನ್ ಮುಚ್ಚಿಹೋಯಿತು.

ನಾಲ್ಕನೆಯ ದಿನ ದಾದರಿನಿಂದ ಮುಲುಂಡಿಗೆ ಒಂದು ಬಾಡಿಗೆ ಸಿಕ್ಕಿತ್ತು. ಸಯನ್ ದಾಟುವಾಗ ಎಣ್ಣೆಯ ಕೆಂಪು ದೀಪ ಒಮ್ಮೆ ಮಿನುಗಿತು. ಮತ್ತೊಮ್ಮೆ ಮಿನುಗಿ ಉರಿಯುತ್ತಲೇ ಉಳಿಯಿತು. ಅಪ್ಪಯ್ಯ ಅಲ್ಲೇ ಬದಿಗೆ ತೆಗೆದು ಎಂಜಿನ್ ಆಫ್ ಮಾಡಿದರು. ಪ್ರಯಾಣಿಕ ಬೈದು, ಬಾಡಿಗೆ ಕೊಡದೆ ಇಳಿದುಹೋದ. ನಮ್ಮೂರ ಕಡೆಯ ಇನ್ನೊಬ್ಬ ಟ್ಯಾಕ್ಸಿಯವರು ಹಗ್ಗ ಕಟ್ಟಿ ಕುರ್ಲಾದವರೆಗೆ ಎಳೆದು ತಂದರು. ಕುರ್ಲಾದ ಸಿಎಸ್‌ಟಿ ರೋಡು ನಿಮಗೆ ಗೊತ್ತಲ್ಲ, ಗಾಡಿಯ ಹಳೆಯ ಬಿಡಿಭಾಗಗಳ ಸಂತೆ. ಅದರ ಒಳಗಲ್ಲಿಯಲ್ಲಿ ಒಬ್ಬ ಮುದುಕರು ಎಂಜಿನ್ ಕೆಲಸ ಮಾಡುತ್ತಿದ್ದರು. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಉಸ್ತಾದ್ ಎಂದೇ. ನಾನು ಚಾಚಾ ಎನ್ನುತ್ತಿದ್ದೆ. ಆ ರಜೆಯಲ್ಲಿ ಮಧ್ಯಾಹ್ನದ ಬುತ್ತಿ ಒಯ್ಯುವುದು ನನ್ನ ಕೆಲಸವಾದ್ದರಿಂದ ಅಲ್ಲಿ ನಡೆದದ್ದನ್ನೆಲ್ಲ ನಾನು ಕಣ್ಣಾರೆ ಕಂಡೆ.

ಉಸ್ತಾದರು ಬಿಚ್ಚಿ ನೋಡಿದಾಗ ಹಿಂದಿನ ಕ್ಯಾಮ್ ಬುಶ್ ತನ್ನ ಗೂಡಿನಲ್ಲಿ ತಾನೇ ತಿರುಗಿಬಿಟ್ಟಿತ್ತು. ಪ್ರತಿ ಬುಶ್ಶಿಗೂ ಎಣ್ಣೆ ಬರಲು ಒಂದು ತೂತು ಇರುತ್ತದೆ. ಅದು ಬ್ಲಾಕಿನ ಎಣ್ಣೆಯ ತೂತಿಗೆ ಸರಿಯಾಗಿ ಎದುರು ಬದುರು ಕೂರಬೇಕು. ಶಾಫ್ಟ್ ಬಿಗಿಯಾಗಿದ್ದರಿಂದ ಕಾದು, ಬಿಳಿ ಲೋಹ ಸವರಿಹೋಗಿ ಶಾಫ್ಟಿಗೆ ಅಂಟಿ, ಶಾಫ್ಟ್ ಬುಶ್ಶನ್ನೂ ತನ್ನ ಜೊತೆ ಎಳೆದುಕೊಂಡು ತಿರುಗಿತ್ತು. ಎಣ್ಣೆಯ ದಾರಿ ಮುಚ್ಚಿಹೋಗಿತ್ತು. ಕಿತ್ತುಹೋದ ಬಿಳಿ ಲೋಹದ ಚೂರುಗಳು ಎಣ್ಣೆಯಲ್ಲಿ ಸೇರಿ ಪಂಪಿನವರೆಗೂ ಹೋಗಿದ್ದವು. "ತಾನೇ ಲೂಸ್ ಆಗುತ್ತದೆ" ಎಂಬ ಮಾತಿನ ಅರ್ಥ ಇದು, ಕೇಳುಗರೇ. ಲೂಸ್ ಆಗುವುದೇನೋ ನಿಜ. ಹೇಗೆ ಲೂಸ್ ಆಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಕೆಂಪು ದೀಪ ಕಂಡ ಕೂಡಲೇ ನಿಲ್ಲಿಸಿದ್ದರಿಂದ ಬ್ಲಾಕ್ ಉಳಿಯಿತು. ಕ್ರ್ಯಾಂಕ್ ಉಳಿಯಿತು. ಆದರೆ ಕೆಲಸ ಮತ್ತೆ ಮೊದಲಿನಿಂದ. ಅಮ್ಮನ ಎರಡು ಬಳೆ ಅಡವಿಗೆ ಹೋದವು.

ಬಿಗಿಯಾಗಲು ಕಾರಣ ಹುಡುಕುವ ಉಸ್ತಾದರ ಕ್ರಮವನ್ನು ಈಗ ಹೇಳುತ್ತೇನೆ. ಡೊಂಬಿವಿಲಿಯವರು ಕಾಗದ ಪೆನ್ನು ತೆಗೆದುಕೊಳ್ಳಬಹುದು.

ಮೊದಲು ಶಾಫ್ಟನ್ನು ಒಂಟಿಯಾಗಿ ಪರೀಕ್ಷಿಸಬೇಕು. ಚೈನು, ಹಲ್ಲುಚಕ್ರ, ಮುಂದಿನ ತಗಡು, ಟ್ಯಾಪೆಟ್ಟು ಯಾವುದೂ ಇರಬಾರದು. ಬರೇ ಶಾಫ್ಟಿಗೆ ಎಣ್ಣೆ ಸವರಿ ಮೆಲ್ಲಗೆ ಒಳಗೆ ತಳ್ಳುವುದು. ಎಲ್ಲಿ ತಡೆಯುತ್ತದೆ ಎಂದು ಕೈಗೇ ಗೊತ್ತಾಗುತ್ತದೆ. ಮೊದಲ ಬುಶ್ಶಿನಲ್ಲೋ, ಕೊನೆಯದರಲ್ಲೋ. ಎಷ್ಟೋ ಎಂಜಿನ್ನುಗಳಲ್ಲಿ ಬುಶ್‌ಗಳ ಅಳತೆ ಒಂದೇ ಇರುವುದಿಲ್ಲ, ಅದಲು ಬದಲಾಗಿ ಕೂರಿಸಿದರೂ ಬಿಗಿಯಾಗುತ್ತದೆ. ಇನ್ನು ಕೆಲವು ಬುಶ್‌ಗಳು ಅಂಗಡಿಯಲ್ಲಿ ಸಿಗುವಾಗ ಅರೆಸಿದ್ಧವಾಗಿರುತ್ತವೆ. ಕೂರಿಸಿದ ಮೇಲೆ ರೀಮರ್ ಹಾಕಿ ಒಳ ಅಳತೆಗೆ ತರಬೇಕು. ಹಾಗೆ ಮಾಡದೆ ಶಾಫ್ಟ್ ತುರುಕಿದರೆ ತಪ್ಪು ಬುಶ್ಶಿನದಲ್ಲ. ಆದ್ದರಿಂದ ಕೊಂಡ ಅಂಗಡಿಯಲ್ಲಿ ಮೊದಲು ಕೇಳಿ: ಇದು ತಯಾರಾದ ಅಳತೆಯೋ, ರೀಮ್ ಮಾಡಬೇಕಾದ್ದೋ?

ಎರಡನೆಯದು, ತಪ್ಪು ಯಾರದು ಎಂದು ಕಂಡುಹಿಡಿಯುವುದು. ಉಸ್ತಾದರು ಶಾಫ್ಟಿನ ಮೇಲೆ ತೆಳ್ಳಗೆ ನೀಲಿ ಲೇಪ ಸವರಿ, ಒಳಗೆ ಹಾಕಿ ಒಂದೆರಡು ಸುತ್ತು ತಿರುಗಿಸಿ ಹೊರಗೆ ತೆಗೆದರು. ಆಮೇಲೆ ನನ್ನ ಕೈಗೆ ಬ್ಯಾಟರಿ ಕೊಟ್ಟು ಬೆಳಕು ಹಿಡಿಯಲು ಹೇಳಿದರು. ಆಗ ಅವರು ಹಿಂದಿಯಲ್ಲಿ ಹೇಳಿದ್ದನ್ನು ನಾನು ಮರೆತಿಲ್ಲ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ನೋಡು ಬೇಟಿ, ಬುಶ್ ನಿಂತಿರುತ್ತದೆ, ಶಾಫ್ಟ್ ತಿರುಗುತ್ತದೆ. ಬುಶ್ಶಿನಲ್ಲಿ ಒಂದೇ ಕಡೆ ಗುರುತು ಬಿದ್ದು ಶಾಫ್ಟಿನಲ್ಲಿ ಸುತ್ತಲೂ ಉಜ್ಜಿದ್ದರೆ, ಉಬ್ಬಿರುವುದು ಬುಶ್. ಶಾಫ್ಟಿನಲ್ಲಿ ಒಂದೇ ಕಡೆ ಉಜ್ಜಿ ಬುಶ್ಶಿನಲ್ಲಿ ಸುತ್ತಲೂ ಗುರುತಿದ್ದರೆ, ಬಾಗಿರುವುದು ಶಾಫ್ಟ್." ಆಲೋಚಿಸಿ ನೋಡಿ, ಎಷ್ಟು ಸರಳ! ಮಾತಿಲ್ಲದ ಎರಡು ಲೋಹಗಳ ನಡುವೆ ಕುಳಿತು ಮಾಡಿದ ಪಂಚಾಯ್ತಿ ಅದು. ಸಾಕ್ಷಿಯ ಮೇಲೆ ತೀರ್ಪು.

ಶಾಫ್ಟ್ ಬಾಗಿದೆ ಎಂಬ ಸಂಶಯ ಬಂದರೆ ಲೇತ್ ಅಂಗಡಿಯಲ್ಲಿ ಎರಡು ವಿ ಆಕಾರದ ಕಟ್ಟೆಗಳ ಮೇಲೆ ಇಟ್ಟು, ನಡುವೆ ಡಯಲ್ ಗೇಜಿನ ಮುಳ್ಳು ತಾಗಿಸಿ ತಿರುಗಿಸಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಬಾಗಿದ್ದರೆ ಬುಶ್ ಕೆರೆದು ಪ್ರಯೋಜನವಿಲ್ಲ, ಶಾಫ್ಟನ್ನು ನೆಟ್ಟಗೆ ಮಾಡಿಸಬೇಕು ಇಲ್ಲವೇ ಬದಲಿಸಬೇಕು. ಶಾಫ್ಟ್ ನೆಟ್ಟಗಿದ್ದೂ ಎಲ್ಲ ಬುಶ್ಶುಗಳಲ್ಲಿ ಸುತ್ತಲೂ ಒಂದೇ ಸಮ ಬಿಗಿ ಇದ್ದರೆ ಕೆರೆಯುವ ಗೋಜಿಗೇ ಹೋಗಬಾರದು. ಎಲ್ಲ ಬುಶ್ಶುಗಳನ್ನೂ ಒಂದೇ ಗೆರೆಯಲ್ಲಿ ಕೊರೆಯುವ ಯಂತ್ರವಿರುವ ಕಡೆಗೆ ಬ್ಲಾಕನ್ನು ಒಯ್ಯಬೇಕು.

ನಮ್ಮ ಗಾಡಿಯಲ್ಲಿ ತಪ್ಪು ಬುಶ್ಶಿನದಾಗಿತ್ತು. ಇನ್ನೂ ಸರಿಯಾಗಿ ಹೇಳಬೇಕೆಂದರೆ ಸುತ್ತಿಗೆಯದು. ಹಳೆಯ ಗ್ಯಾರೇಜಿನಲ್ಲಿ ಬುಶ್ಶಿನ ಅಂಚಿಗೆ ನೇರ ಪೆಟ್ಟು ಕೊಟ್ಟು ಕೂರಿಸಿದ್ದರು. ಅದು ಓರೆಯಾಗಿ ಹೋಗಿ, ಅಂಚು ಒಳಕ್ಕೆ ಮಡಚಿತ್ತು. ಉಸ್ತಾದರು ಅದನ್ನು ತೆಗೆದು ಗೂಡನ್ನು ಬೆರಳಿನಿಂದ ಸವರಿ ನೋಡಿದರು. ಗೂಡಿನ ಅಂಚಿನಲ್ಲಿದ್ದ ಸಣ್ಣ ಮುಳ್ಳನ್ನು ಉಜ್ಜಿ ತೆಗೆದರು. ಬುಶ್ಶಿನ ಹಿಂದೆ ಒಂದು ಮಣ್ಣಿನ ಕಣ ಸಿಕ್ಕಿಕೊಂಡರೂ ಒಳಗೆ ಅಷ್ಟೇ ಉಬ್ಬು ಏಳುತ್ತದೆ. ಹೊಸ ಬುಶ್ಶನ್ನು ಕೂರಿಸಲು ಅವರ ಬಳಿ ಮೆಟ್ಟಿಲು ತಿರುವಿದ ಒಂದು ಉಕ್ಕಿನ ಗುಂಡು ಇತ್ತು. ಅದರ ಸಣ್ಣ ಭಾಗ ಬುಶ್ಶಿನೊಳಗೆ ಹೋಗಿ ಕೂರುತ್ತದೆ, ದೊಡ್ಡ ಭಾಗ ಅಂಚನ್ನು ಸುತ್ತಲೂ ಸಮನಾಗಿ ಒತ್ತುತ್ತದೆ. ಎಣ್ಣೆಯ ತೂತು ಎದುರಾಗುವಂತೆ ಮೊದಲೇ ಗೆರೆ ಹಾಕಿಕೊಂಡು ಕೂರಿಸಿದರು. ಮೇಲೆ ಒಂದು ತಂತಿ ತೂರಿಸಿ ದಾರಿ ತೆರೆದಿದೆ ಎಂದು ಖಚಿತ ಮಾಡಿಕೊಂಡರು.

ಅಷ್ಟಾದರೂ ಸ್ವಲ್ಪ ಬಿಗಿ ಉಳಿದಿತ್ತು. ಬುಶ್ಶನ್ನು ಗೂಡಿಗೆ ಒತ್ತಿ ಕೂರಿಸುವಾಗ ಅದರ ಒಳ ಅಳತೆ ಕೂದಲೆಳೆಯಷ್ಟು ಕುಗ್ಗುತ್ತದೆ. ಆಗ ಸ್ಕ್ರೇಪರ್ ಹೊರಬಂತು. ನೀಲಿ ಹತ್ತಿದ ಕಡೆ ಮಾತ್ರ, ತೆಂಗಿನಕಾಯಿ ತುರಿಯುವುದಕ್ಕಿಂತಲೂ ಹಗುರವಾಗಿ ಒಂದು ಎಳೆತ. ತೊಳೆ, ಒರೆಸು, ಶಾಫ್ಟ್ ಹಾಕು, ತಿರುಗಿಸು, ತೆಗೆ, ನೋಡು. ಮತ್ತೆ ಒಂದು ಎಳೆತ. ಕೆಲವು ಮಿಸ್ತ್ರಿಗಳು ಬಿಸಾಡುವ ಹಳೆಯ ಕ್ಯಾಮ್‌ಶಾಫ್ಟಿನ ಕುತ್ತಿಗೆಯಲ್ಲಿ ಓರೆಯಾಗಿ ಒಂದು ಗಾಡಿ ಕೊರೆದು, ಅದನ್ನೇ ಬುಶ್ಶಿನೊಳಗೆ ತಿರುಗಿಸಿ ಕತ್ತರಿಸುವ ಉಪಾಯವನ್ನೂ ಮಾಡುತ್ತಾರೆ. ಅದೂ ನಡೆಯುತ್ತದೆ, ಕೈ ಹಗುರ ಇರಬೇಕು ಅಷ್ಟೇ. ಆದರೆ ಪಕ್ಕದಲ್ಲಿದ್ದ ಹುಡುಗ ಪಾಲಿಶ್ ಕಾಗದ ತಂದಾಗ ಉಸ್ತಾದರು ಅವನ ತಲೆಗೊಂದು ಮೊಟಕಿದರು. ಪಾಲಿಶ್ ಕಾಗದದ ಕಲ್ಲಿನ ಪುಡಿ ಮೆತ್ತನೆಯ ಬಿಳಿ ಲೋಹದಲ್ಲಿ ಹುದುಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ತೊಳೆದರೂ ಹೋಗುವುದಿಲ್ಲ. ಗಾಡಿ ಓಡಿದಷ್ಟು ದಿನವೂ ಅದು ಶಾಫ್ಟನ್ನು ತೇಯುತ್ತಲೇ ಇರುತ್ತದೆ.

ಕೊನೆಯದಾಗಿ ತೊಳೆಯುವುದು. ಎಣ್ಣೆಯ ದಾರಿಗಳ ಮುಚ್ಚಳಗಳನ್ನೆಲ್ಲ ತೆಗೆದು, ಸೀಮೆಎಣ್ಣೆ ಹೊಡೆದು, ಬ್ರಶ್ ಆಡಿಸಿ, ಗಾಳಿ ಊದಿ. ಕೆರೆದ ಲೋಹದ ಒಂದು ಎಳೆ ಒಳಗೆ ಉಳಿದರೂ ಮಾಡಿದ ಕೆಲಸ ನೀರಿನಲ್ಲಿ ಹೋಮ. ಆ ತೊಳೆಯುವ ಕೆಲಸಕ್ಕೇ ಅರ್ಧ ದಿನ ಹಿಡಿಯಿತು.

ಮೂರು ಸಲ ಶಾಫ್ಟ್ ಒಳಗೆ ಹೋಗಿ ಹೊರಗೆ ಬಂತು. ನಾಲ್ಕನೆಯ ಸಲ ಉಸ್ತಾದರು ನನ್ನನ್ನು ಕರೆದು "ನೀನು ತಿರುಗಿಸು" ಎಂದರು. ನಾನು ಬುತ್ತಿಯ ಚೀಲ ಕೆಳಗಿಟ್ಟು ಎರಡು ಬೆರಳಲ್ಲಿ ಹಿಡಿದೆ. ತಿರುಗಿತು. ಬಾವಿಯ ರಾಟೆಯ ಹಾಗಲ್ಲ, ಬೆಣ್ಣೆಯಲ್ಲಿ ಚಮಚ ಆಡಿಸಿದ ಹಾಗೆ. ಎಲ್ಲಿಯೂ ತಡೆಯಿಲ್ಲ, ಎಲ್ಲಿಯೂ ಸಡಿಲವಿಲ್ಲ. ಅಪ್ಪಯ್ಯ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಒಂದು ಮಾತೂ ಆಡಲಿಲ್ಲ. ರಾತ್ರಿ ಗುಡ್ಡ ಹತ್ತುವಾಗ ಮಾತ್ರ ಹೇಳಿದರು, "ಆ ದಿನ ಇನ್ನೆರಡು ದಿನ ತಡೆದಿದ್ದರೆ ಸಾಕಿತ್ತು."

ಆ ಎಂಜಿನ್ ಮುಂದೆ ಒಂಬತ್ತು ವರ್ಷ ದುಡಿಯಿತು. ನನ್ನ ಶಾಲೆ, ಕಾಲೇಜು ಎಲ್ಲ ಅದರ ದುಡಿಮೆಯಲ್ಲೇ ಆಯಿತು. ಅಮ್ಮನ ಬಳೆಗಳಲ್ಲಿ ಒಂದು ವಾಪಸು ಬಂತು, ಇನ್ನೊಂದು ಬರಲಿಲ್ಲ. 2011ರಲ್ಲಿ ಗಾಡಿ ಕೊಟ್ಟುಬಿಟ್ಟು ಅಪ್ಪಯ್ಯ ಊರಿಗೆ ಹೋದರು.

ಹಾಗಾದರೆ ಡೊಂಬಿವಿಲಿಯ ಮಿತ್ರರೇ, ನಿಮ್ಮ ಮಿಸ್ತ್ರಿಯೊಂದಿಗೆ ಜಗಳ ಬೇಡ. ಒಂದು ಚಹಾ ಕುಡಿಸಿ ಮೂರು ಪ್ರಶ್ನೆ ಕೇಳಿ. ಬುಶ್ ರೀಮ್ ಮಾಡಬೇಕಾದ್ದೋ, ತಯಾರಾದ್ದೋ? ಗುರುತು ಬಿದ್ದಿರುವುದು ಬುಶ್ಶಿನಲ್ಲಿ ಒಂದೇ ಕಡೆಯೋ, ಶಾಫ್ಟಿನಲ್ಲಿ ಒಂದೇ ಕಡೆಯೋ? ಎಣ್ಣೆಯ ತೂತಿನಲ್ಲಿ ತಂತಿ ಹೋಗುತ್ತದೆಯೋ? ಮೂರಕ್ಕೂ ಉತ್ತರ ಸಿಗುವವರೆಗೆ ಎಂಜಿನ್ ಮುಚ್ಚಲು ಬಿಡಬೇಡಿ. ನಿಮಗೆ ಕಂತಿನ ಅವಸರವಿಲ್ಲ, ಬಾಡಿಗೆಯ ಅವಸರವಿಲ್ಲ. ನಮ್ಮ ಅಪ್ಪಯ್ಯನಿಗೆ ಇರದಿದ್ದ ಆ ಎರಡು ದಿನ ನಿಮ್ಮ ಹತ್ತಿರ ಇದೆ.

ಈ ಮಾತು ಧ್ವನಿಮುದ್ರಿಸುವ ಮುಂಚೆ ತಪ್ಪು ಹೇಳಬಾರದೆಂದು ಊರಿಗೆ ಫೋನು ಮಾಡಿದ್ದೆ. ಎಲ್ಲ ವಿವರ ಹೇಳಿದೆ. ಡೊಂಬಿವಿಲಿ, ಹಳೆ ಫೇಟು, ಬಿಗಿ ಶಾಫ್ಟು, ಮಿಸ್ತ್ರಿಯ ಮಾತು. ಅಪ್ಪಯ್ಯ ಸುಮ್ಮನೆ ಕೇಳಿ ಒಂದೇ ಒಂದು ಪ್ರಶ್ನೆ ಹಾಕಿದರು.

"ಕೈಯಂಗೆ ತಿರ್ಗತ್ತಾ?"

ಇಲ್ಲ ಅಪ್ಪಯ್ಯ, ಎಂದೆ.

"ಹಂಗಾರೆ ಕಟ್ಟೂದ್ ಬ್ಯಾಡ ಅನ್."

ಹೇಳಿದ್ದೇನೆ, ಕೇಳುಗರೇ. ಮುಂದಿನ ವಾರ ಮತ್ತೆ ಸಿಗೋಣ. ನಮಸ್ಕಾರ.